ಬಸ್ಕಿ

ಹುಂ, ಹುಂ, ಎಂದು ಉಸಿರು ಬಿಡುವ ಸದ್ದು ಸ್ಕೂಲಿನ ಗೋಡೆಯಾಚೆಯಿಂದ, ಅವನದೇ, ಗಂಗಾಧರನದೇ, ಹೆತ್ತ ಮಗನ ಉಸಿರು ಶಂಭುಲಿಂಗಪ್ಪನಿಗೆ ತಿಳಿಯದೇ — ಹಾಗಾದರೆ ಗಾಡಿಯ ಬೆಟ್ಟಸ್ವಾಮಿ ಹೇಳಿದ್ದು ನಿಜ, ಬೆಲ್ಲ ಹೇರುತ್ತಾ ಹೇಳಿದ, ನಿಮ್ಮುಡುಗ ದಿನಾ ಒತ್ತಾರೆ ಇಸ್ಕೂಲ್ ಇಂದ್ಗಡೆ ಬಸ್ಕಿ ಒಡೀತಾವ್ನೆ ಕಣ್ ಸಾ, ಏನ್ ತಪ್ಪು ಮಾಡುದ್ನೋ ಏನೋ. ತಪ್ಪೇ, ಮತ್ತೇನು, ಸುಮ್ಮಸುಮ್ಮನೆ ಯಾರು ಬಸ್ಕಿ ಹೊಡೆಸುತ್ತಾರೆ, ಕೂಲಿಮಠದ ಅಯ್ಯನವರು ಕಿವಿ ಹಿಡಿಸಿ ಕೂರಿಸಿ ಏಳಿಸಿದ್ದು ಈಗಲೂ ಶಂಭುಲಿಂಗಪ್ಪನ ಮಂಡಿಯಲ್ಲಿದೆ, ಅದನ್ನೇ ತಾನು ಮಗನಿಗೆ ದಾಟಿಸಿದ, ಪುಸ್ತಕದ ಮೇಲೆ ತೂಕಡಿಸಿದರೆ ಹಿಡಿ ಕಿವಿ, ಲೆಕ್ಕ ತಪ್ಪಿದರೆ ಹಿಡಿ ಕಿವಿ, ಆದರೂ ಪರೀಕ್ಷೆಯಲ್ಲಿ ಡುಮ್ಕಿ. ಅಂಥವನು ದೀಪಾವಳಿಯಿಂದೀಚೆಗೆ ಆಕಳಿಸದೆ ಓದುತ್ತಾನಂತೆ, ಕ್ಲಾಸಿಗೇ ಮೊದಲಿಗನಂತೆ — ಏನಂದ್ರೆ, ಮಗ ಗೆದ್ದುಕೊಂಡ ಕಣ್ರೀ, ಎಂದು ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೆತ್ತ ಕರುಳು, ನಂಬಿದಳು, ಬೆಳ್ಳಗಿರುವುದೆಲ್ಲ ಹಾಲೇ? ಕೇಳಿದರೆ ಇವನು ಏನೆಂದ, ಹೊಸ ಡ್ರಿಲ್ ಮೇಷ್ಟ್ರು ಹೇಳವ್ರೆ ಅಪ್ಪಾಜಿ, ಮೈ ಬೆವೆತರೆ ತಲೆ ತಿಳಿಯಾಗ್ತದಂತೆ. ತಲೆಗೂ ತೊಡೆಗೂ ಎಲ್ಲಿಯ ನಂಟು, ಹಾಗಿದ್ದರೆ ಗಾಣದ ಎತ್ತು ಇಷ್ಟು ಹೊತ್ತಿಗೆ ಅಮಲ್ದಾರನಾಗಿರಬೇಕಿತ್ತು. ಸುಳ್ಳು, ಶಿಕ್ಷೆ ಅನುಭವಿಸುವುದನ್ನು ಮುಚ್ಚಲು ಕಟ್ಟಿದ ಕಥೆ, ಸಾಕು ಓದಿದ್ದು, ಬನ್ನೂರಿನಲ್ಲಿ ಭಾವಮೈದನ ಬೆಲ್ಲದ ಮಂಡಿಯಿದೆ, ಇವತ್ತೇ ಕಳಿಸಿಬಿಡುವುದು, ಗಾಡಿ ಕಟ್ಟಿ ನಿಂತಿದೆ, ಇವನ ಬಟ್ಟೆಯ ಗಂಟನ್ನೂ ಏರಿಸಿಯಾಗಿದೆ, ಚನ್ನಾಜಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ತಾನು ಇನ್ನೂ ಕಂಡೂ ಇಲ್ಲ, ಕಣ್ಣಾರೆ ಕಂಡೇ ಹೊರಡಿಸೋಣ ಎಂದು ಬಂದ.

ಗೋಡೆ ತಿರುಗಿದರೆ ಮೇಷ್ಟ್ರಿಲ್ಲ, ಬೆತ್ತವಿಲ್ಲ, ಹುಣಸೆಮರದ ಕೆಳಗೆ ಗಂಗಾಧರ ಒಬ್ಬನೇ, ಕೈ ಸೊಂಟದ ಮೇಲೆ, ಕೂರುತ್ತಾನೆ, ಏಳುತ್ತಾನೆ, ಯಾರಿಗೆ ಹೆದರಿ? ಮೇಷ್ಟ್ರು ಎಲ್ಲೋ ಮರೆಯಲ್ಲಿರಬೇಕು, ಮರದ ಹಿಂದೆ ಇಣುಕಿದ, ಯಾರೂ ಇಲ್ಲ, ಹುಡುಗನ ತುಟಿ ಅಲ್ಲಾಡುತ್ತಿದೆ, ಕೂರುವಾಗ ಪ್ರಶ್ನೆ, ಏಳುವಾಗ ಉತ್ತರ, ಭೂಗೋಳ, ಕಪಿಲೆ ಕಾವೇರಿಯನ್ನು ಕೂಡುವುದೆಲ್ಲಿ, ತಿರುಮಕೂಡಲಿನಲ್ಲಿ — ಮನೆಯಲ್ಲಿ ಇದೇ ಪ್ರಶ್ನೆಗೆ ಬಾಯಿ ಕಟ್ಟಿ ನಿಂತವನು, ಇಲ್ಲಿ ತಡವರಿಸುವುದೇ ಇಲ್ಲ, ಮುಖದ ತುಂಬ ಬೆವರು, ಬೆವರಿನ ನಡುವೆ ಸಣ್ಣ ನಗು, ಈ ನಗುವನ್ನು ತಾನು ಯಾವ ಕಾಲದಲ್ಲಿ ಕಂಡದ್ದು? ಶಂಭುಲಿಂಗಪ್ಪನಿಗೆ ಹಿತವಾಯಿತು, ನಾಚಿಕೆಯೂ ಆಯಿತು, ಗಾಡಿ ಬಿಚ್ಚಿಸಿಬಿಡೋಣ, ಬನ್ನೂರೂ ಬೇಡ ಮಂಡಿಯೂ ಬೇಡ, ಲೇ ಮಗಾ, ಎಂದ, ಮೆಲ್ಲಗೇ ಎಂದ, ಹುಡುಗ ತಿರುಗಿದ, ನಗು ಆರಿತು, ಬಾಯಲ್ಲಿದ್ದ ಊರಿನ ಹೆಸರು ಅಲ್ಲೇ ನಿಂತಿತು, ಬೇಡ ಕಣೋ, ನಾನು ಅದಕ್ಕೆ ಬರಲಿಲ್ಲ ಕಣೋ, ಎನ್ನುವಷ್ಟರಲ್ಲಿ ಸೊಂಟದ ಮೇಲಿದ್ದ ಕೈಗಳು ತಾವಾಗಿಯೇ ಎದ್ದವು, ಎಡಗೈ ಬಲಗಿವಿಗೆ, ಬಲಗೈ ಎಡಗಿವಿಗೆ.