ತಂಗಿಯ ಮಷೀನು

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಕೈ ಹಿಡಿದು ಕೋಡ್ ಬರೆಯಲು ಕಲಿಸಿದವಳು ನಾನು, ಇದೇ ಆಫೀಸಿಗೆ ಸೇರಿಸಿದವಳೂ ನಾನು. ಈಗ ಟೀಮ್ ಲೀಡ್ ಯಾರು ಎಂಬ ಮಾತು ಬಂದರೆ ಎಲ್ಲರ ಕಣ್ಣೂ ಅವಳ ಮೇಲೆ. ಆ ಹುದ್ದೆ ನನಗೆ ಬೇಕಿತ್ತು. ಬೇಕೇ ಬೇಕಿತ್ತು.

ಕೋಡ್ ಬರೆಯುವವರು ಬಳಸುವ ಎಡಿಟರ್ ತಯಾರಿಸುವುದು ನಮ್ಮ ಕೆಲಸ. ಅದರಲ್ಲಿ ತಪ್ಪು ಹುಡುಕಲು ಇರುವ ಡಿಬಗರ್‌ನಲ್ಲಿ, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೇನಿದೆ ಎಂದು ಪಕ್ಕದ ಪಟ್ಟಿಯಲ್ಲಿ ನೋಡಬಹುದು. ವಿಂಡೋಸ್ ಮಷೀನುಗಳಲ್ಲಿ ಮಾತ್ರ ಆ ಪಟ್ಟಿಯ ಕೆಲವು ಸಾಲು ಖಾಲಿ ಕಾಣುತ್ತಿದ್ದವು.

"ಇದನ್ನ ಯಾರು ಸರಿ ಮಾಡ್ತಾರೋ ನೋಡ್ತೀನಿ. ಲೀಡ್ ವಿಷಯ ಆಮೇಲೆ," ಎಂದರು ಮ್ಯಾನೇಜರು. ಉಪದೇಶ ಜಾಸ್ತಿಯಾದ್ದರಿಂದ ಅವರಿಗೆ ನಾವಿಟ್ಟ ಹೆಸರು ಮೇಷ್ಟ್ರು.

ಟೀಮಿನಲ್ಲಿ ವಿಂಡೋಸ್ ಮಷೀನು ಇದ್ದದ್ದು ತಂಗಿಯ ಹತ್ತಿರ ಮಾತ್ರ. ಅವಳನ್ನು ಹೋಗಿ ಕೇಳುವುದೇ? ಪ್ರಾಣ ಹೋದರೂ ಇಲ್ಲ. ನನ್ನ ಮ್ಯಾಕ್‌ನೊಳಗೇ ಒಂದು ವಿಂಡೋಸ್ ಹಾಕಿಕೊಂಡು ನೋಡಿದೆ. ಎಲ್ಲ ಸಾಲೂ ನೆಟ್ಟಗೆ ಕಾಣಿಸಿದವು. "ನನ್ನಲ್ಲಿ ಸರಿಯಾಗಿದೆ" ಎಂದು ಬರೆದು, ದೂರುಪಟ್ಟಿಯಲ್ಲಿದ್ದ ಆ ದೂರನ್ನು ಮುಚ್ಚಿದೆ. ಸರಿಯಾಗಿಲ್ಲವೆಂದು ತಂಗಿ ಅದನ್ನು ತೆರೆದಳು. ಮತ್ತೆ ಮುಚ್ಚಿದೆ. ಈ ಸಲ ಅವಳೇ ನನ್ನ ಮೇಜಿನ ಬಳಿ ಬಂದು ನಿಂತಳು.

"ಅಕ್ಕ, ನನ್ನ ಮಷೀನಲ್ಲೇ ಕೂತು ನೋಡು ಬಾ. ನಿಂಗೇನು ದಿಬ್ಬಣ ಕಳಿಸಿ ಕರೀಬೇಕಾ?"

"ನೀನೇ ನೋಡ್ಕೋಬಾರದಾ?"

"ಆ ಭಾಗ ನಂಗೆ ತಲೆಬುಡ ಅರ್ಥ ಆಗಲ್ಲ. ನಿಂಗೇ ಗೊತ್ತಿರೋದು."

ಆ ಮಾತು ಕಿವಿಗೆ ಹಿತವಾಗಿತ್ತು. ಹೋಗಿ ಕೂತೆ. ಅವಳ ಮೇಜಿನ ಮೇಲಿನ ಗಿಡ ನನ್ನದಕ್ಕಿಂತ ಹುಲುಸಾಗಿತ್ತು. ಎರಡನ್ನೂ ಒಂದೇ ಅಂಗಡಿಯಿಂದ ತಂದಿದ್ದೆವು.

ಗುಟ್ಟು ಸಿಕ್ಕಿತು. ಅವಳ ಮಷೀನಿನ ಫೈಲುಗಳಲ್ಲಿ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಗುರುತಿತ್ತು. ನಾನು ಹಾಕಿಕೊಂಡ ವಿಂಡೋಸ್‌ನಲ್ಲಿ ಅದನ್ನು ತೆಗೆದುಹಾಕುವ ಸೆಟ್ಟಿಂಗ್ ಇತ್ತು. ಫೈಲಿನಿಂದ ಬಂದ ಸಾಲುಗಳಲ್ಲಿ ಆ ಗುರುತನ್ನು ಕಂಡ ಕೂಡಲೇ ನಮ್ಮ ಪಟ್ಟಿ ಆ ಸಾಲನ್ನೇ ಅಳಿಸಿಬಿಡುತ್ತಿತ್ತು. ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಒಂದು ಸಾಲು ಸೇರಿಸಿದೆ. ಖಾಲಿ ಸಾಲುಗಳು ತುಂಬಿಕೊಂಡವು. ತಂಗಿ ಚಪ್ಪಾಳೆ ತಟ್ಟಿದಳು. ನಾನು ಅಲ್ಲಿಂದಲೇ ಬದಲಾವಣೆಯನ್ನು ಕಳಿಸಿ, ನೆಲಕ್ಕೆ ಕಾಲು ತಾಗದವಳ ಹಾಗೆ ಊಟಕ್ಕೆ ಹೋದೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಮೇಷ್ಟ್ರು ಆ ಬದಲಾವಣೆಯನ್ನು ಗೋಡೆಯ ಪರದೆಗೆ ಹಾಕಿದರು. ಕೆಳಗೆ ತಂಗಿಯ ಹೆಸರು. ಯಾರ ಮಷೀನಿನಿಂದ ಕಳಿಸುತ್ತೇವೋ ಅವರ ಹೆಸರೇ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳಿಗೆ ಇದನ್ನು ಹೇಳಿಕೊಟ್ಟವಳು ನಾನೇ.

"ಶಭಾಷ್!" ಎಂದರು ಮೇಷ್ಟ್ರು.

ತಂಗಿ ಗಾಬರಿಯಿಂದ ಎದ್ದು ನಿಂತಳು. "ಅಯ್ಯೋ ಸಾರ್, ಅದು ನಾನಲ್ಲ. ಅಕ್ಕ ಮಾಡಿದ್ದು!"

ಮೇಷ್ಟ್ರು ನಕ್ಕರು. "ದೂರುಪಟ್ಟಿ ನಾನೂ ನೋಡಿದೀನಮ್ಮ. 'ನನ್ನಲ್ಲಿ ಸರಿಯಾಗಿದೆ' ಅಂತ ನಿಮ್ಮಕ್ಕ ಎರಡು ಸಲ ಮುಚ್ಚಿದಾರೆ. ಆದ್ರೂ ಅಕ್ಕನ್ನ ಬಿಟ್ಟುಕೊಡಲ್ಲ ಅಂತೀಯಲ್ಲ, ಟೀಮ್ ನಡೆಸೋಕೆ ಇಂಥ ಮನಸ್ಸೇ ಬೇಕು."

"ಅಲ್ಲ ಸಾರ್, ನಿಜವಾಗ್ಲೂ..."

ಚಪ್ಪಾಳೆಯಲ್ಲಿ ಅವಳ ಮಾತು ಮುಳುಗಿಹೋಯಿತು. ನಾನು ಬಾಯಿ ತೆರೆದೆ. ಒಡಹುಟ್ಟಿದವಳ ಕೈಯಿಂದ ಹುದ್ದೆ ಕಿತ್ತುಕೊಳ್ಳುವವಳು ಎನ್ನುತ್ತಾರೆಂದು ಮುಚ್ಚಿಕೊಂಡೆ.

ಹೊರಗೆ ಬರುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು.

"ಅಕ್ಕ, ನೀನೇ ಮಾಡಿದ್ದು ಅಂತ ನಾನು ಹೇಳ್ದೆ ಅಲ್ವಾ?"

"ಹೇಳ್ದೆ ಕಣೇ," ಎಂದೆ.

ಮೀಟಿಂಗಿನಲ್ಲಿ ಅವಳು ಸುಮ್ಮನಿದ್ದಿದ್ದರೆ ಮನೆಗೆ ಹೋಗಿ ಜಗಳವನ್ನಾದರೂ ಆಡಬಹುದಿತ್ತು.