ಹೆಸರಿಟ್ಟ ಮರಿ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹಿತ್ತಿಲ ಬಾಗಿಲಲ್ಲಿ ನಿಂತ ದೊಡ್ಡಮ್ಮನಿಗೆ ಎದುರಿಗಿದ್ದ ನಾಯಿಮನೆಯ ತಗಡಿನ ಮಾಡೂ ಕಾಣಿಸುತ್ತಿರಲಿಲ್ಲ. ಮಂಜಿನೊಳಗಿಂದ ಬರೀ ಸದ್ದು ಬರುತ್ತಿತ್ತು. ತಾಯಿನಾಯಿ ಕಾಡಿಗೆ ಎದ್ದು ಮೈ ಕೊಡವಿದ್ದು, ಮರಿಗಳು ತಟ್ಟೆಗೆ ಮುಗಿಬಿದ್ದದ್ದು, ಯಾವುದೋ ಒಂದು ಇನ್ನೊಂದರ ಕಿವಿ ಕಚ್ಚಿ ಕುಂಯ್ ಅನ್ನಿಸಿದ್ದು. ಬೇರೆ ದಿನವಾಗಿದ್ದರೆ ಆ ಸದ್ದಿಗೇ ಅವಳು ಕೈಮುಗಿಯುತ್ತಿದ್ದಳು. ಇವತ್ತು ಕೈ ಮೇಲೇಳಲಿಲ್ಲ. ಮಂಜು ಕರಗಿದ ಮೇಲೆ ಮರಿ ಒಯ್ಯಲು ಬರುತ್ತೇನೆಂದು ಪೇಟೆಯ ಬೀಗ ರಿಪೇರಿಯ ಬೀಗದಣ್ಣ ಹೇಳಿಕಳಿಸಿದ್ದ. ದೇವರ ಹತ್ತಿರ ಏನಂತ ಕೇಳುವುದು? ಮಂಜು ಕರಗದಿರಲಿ ಎಂದೇ? ಅಷ್ಟು ಸಣ್ಣದನ್ನು ಅಷ್ಟು ದೊಡ್ಡವನ ಬಳಿ ಕೇಳಲು ಅವಳಿಗೆ ನಾಚಿಕೆಯಾಯಿತು.

ನಾಯಿ ಸಾಕಿ ಮರಿ ಮಾಡಿಸುವುದೇ ಆ ಮನೆಯ ಕಸುಬು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಎರಡು ಮಾತು ಹೇಳಿಕೊಟ್ಟಿದ್ದಳು. ಈ ಮನೆಯಲ್ಲಿ ಉಳಿಯುವುದು ಹೆಣ್ಣುಮರಿ, ತಾಯಿಯಿಂದ ಮಗಳಿಗೆ ವಂಶ ನಡೆಯಬೇಕು. ಇನ್ನೊಂದು, ಹೊರಗೆ ಕೊಡುವ ಮರಿಗೆ ಹೆಸರಿಡಬಾರದು. ಹೆಸರಿಟ್ಟರೆ ಅದು ಹೊಸಿಲು ದಾಟಬಾರದು. ಅದಕ್ಕೇ ಮರಿಗಳ ಕೊರಳಿಗೆ ಬಣ್ಣದ ನೂಲು ಕಟ್ಟುತ್ತಿದ್ದರು. ಕೆಂಪುದಾರ, ಹಳದಿದಾರ, ಹಸಿರುದಾರ ಎಂದೇ ಕರೆದು, ಹಾಗೆಯೇ ಕಳಿಸುತ್ತಿದ್ದರು. ಹೆಸರೆಲ್ಲ ಮನೆಯಲ್ಲಿ ಉಳಿದವರಿಗೆ. ಅವರು ಹೋದಮೇಲೆ ಅವರ ಕೊರಳಪಟ್ಟಿಗಳು ನಡುಮನೆಯ ಗೋಡೆಯಲ್ಲಿ ಸಾಲಾಗಿ ಮೊಳೆಗೆ ತೂಗುತ್ತಿದ್ದವು. ಟಪಾಲಿನವನ ಪ್ಯಾಂಟು ಹರಿದೂ ಹರಿದೂ ಕೊನೆಗೆ ಅವನ ಹೆಂಡತಿಯಿಂದಲೇ ಬೈಸಿಕೊಂಡ ಶುಂಠಿ. ತಾಯಿಸತ್ತ ಬೆಕ್ಕಿನಮರಿಗಳಿಗೆ ಹಾಲೂಡಿಸಿದ ಮಲ್ಲಿ. ಎಲ್ಲಕ್ಕಿಂತ ಕೊನೆಯಲ್ಲಿ ಗೆಜ್ಜೆಯದು. ಅವಳು ನಡೆದರೆ ಉಗುರು ನೆಲಕ್ಕೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. ದೊಡ್ಡಮ್ಮನ ಗಂಡ ಹಾಸಿಗೆ ಹಿಡಿದಾಗ ಮಂಚದ ಕಾಲಿನ ಹತ್ತಿರದಿಂದ ಕದಲದೆ ಕೂತವಳು. ಅವನು ಹೋದಮೇಲೆ ಖಾಲಿ ಮನೆಯಲ್ಲಿ ಆ ಉಗುರಿನ ಸದ್ದೇ ದೊಡ್ಡಮ್ಮನ ಜೊತೆಗಿತ್ತು. ಕಾಡಿಗೆ ಆ ಗೆಜ್ಜೆಯ ಮಗಳು, ಕಣ್ಣಿನ ಸುತ್ತ ಕಪ್ಪು ತೀಡಿಕೊಂಡಂತಿದ್ದವಳು.

ಕಾಡಿಗೆಗೆ ಈ ಸಲ ಬೀಗದಣ್ಣನ ನಾಯಿ ಸರದಾರನನ್ನು ಕೂಡಿಸಿದ್ದರು. ಗಂಡುನಾಯಿಯ ಯಜಮಾನನಿಗೆ ದುಡ್ಡು ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಹುಟ್ಟಿದ ಮರಿಗಳಲ್ಲಿ ಮೊದಲ ಆಯ್ಕೆ ಅವನದು. "ಹೆಣ್ಣು ಹುಟ್ಟಿದ್ರೆ ಅದೇ ನಂಗೆ ದೊಡ್ಡಮ್ಮ, ಈಗಲೇ ಹೇಳಿಬಿಟ್ಟಿದೀನಿ," ಅಂದಿದ್ದ. "ತಗೋಳಪ್ಪ, ಹೆಣ್ಣಿಗೇನು ಬರವೇ," ಎಂದು ಅವಳೂ ಕೈಮೇಲೆ ಕೈಯಿಟ್ಟಿದ್ದಳು.

ಬರವೇ ಬಂತು. ಮೂರು ಗಂಡಾದ ಮೇಲೆ ಕಾಡಿಗೆ ಸುಸ್ತಾಗಿ ಮಲಗಿಬಿಟ್ಟಳು. ನಾಲ್ಕನೆಯದನ್ನು ಡಾಕ್ಟರು ಎಳೆದು ತೆಗೆದಾಗ ಅದಕ್ಕೆ ಉಸಿರಿರಲಿಲ್ಲ. ಹೆಣ್ಣು. "ಇದು ಹೋಯ್ತು ಬಿಡಿ. ತಾಯಿಗೂ ಇನ್ನು ಮರಿ ಬೇಡ, ಜೀವಕ್ಕೆ ಅಪಾಯ," ಎಂದು ಅವರು ಕೈ ತೊಳೆಯಲು ಎದ್ದರು. ದೊಡ್ಡಮ್ಮ ಬಿಡಲಿಲ್ಲ. ಒರಟು ಬಟ್ಟೆಯಲ್ಲಿ ಸುತ್ತಿ ಬೆನ್ನು ಉಜ್ಜಿದಳು, ತಲೆಕೆಳಗು ಮಾಡಿ ಮೂಗಿನ ನೀರು ಇಳಿಸಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮರಿ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದೇ ಇತ್ತು. ಆಗ ಬಾಯಿಂದ ತಾನಾಗಿಯೇ ಬಂತು: "ಗೆಜ್ಜೇ... ಬಾರೇ ನಮ್ಮವ್ವ, ಬಾ ಗೆಜ್ಜೇ!"

ಮರಿ ಕೆಮ್ಮಿತು. ಆಮೇಲೆ ಅತ್ತಿತು. ದೊಡ್ಡಮ್ಮನೂ ಅತ್ತಳು. ತಾನು ಏನು ಮಾಡಿಕೊಂಡೆ ಅನ್ನುವುದು ಹೊಳೆದದ್ದು, ಬಿಳಿದಾರ ಕಟ್ಟಲು ಹೋದಾಗ. ದಾರ ಕಟ್ಟಿದರೂ ನಾಲಿಗೆ ಬಿಳಿದಾರ ಎನ್ನಲು ಒಪ್ಪಲಿಲ್ಲ. ಯಾರೂ ಇಲ್ಲದಾಗ ಗೆಜ್ಜೆ ಎಂದೇ ಕರೆದಳು. ಈಗ ಕಣ್ಣು ಬಿಟ್ಟು, ಹಲ್ಲು ಮೂಡಿ, ಹಾಲು ಬಿಟ್ಟು ಓಡಾಡುವ ಮರಿ, ಆ ಹೆಸರಿಗೆ ಎಲ್ಲಿದ್ದರೂ ಉರುಳಿಕೊಂಡು ಬರುತ್ತಿತ್ತು.

"ಬೀಗದಣ್ಣಂಗೆ ಹುಟ್ಟುವಾಗ್ಲೇ ಹೋಯ್ತು ಅಂದ್ರಾಯ್ತು," ಎಂದು ಮಗ ಚಹಾ ಹೀರುತ್ತ ಹೇಳಿದ. "ಡಾಕ್ಟರೂ ಹಾಗೇ ಅಂದಿದ್ರಲ್ಲಮ್ಮ. ಅರ್ಧ ನಿಜಾನೇ."

"ಯಾವ ಅರ್ಧ ರೀ? ತಲೆ ಕಡೆದೋ, ಬಾಲದ ಕಡೆದೋ?" ಎಂದಳು ಸೊಸೆ.

"ನೀ ಸುಮ್ನಿರು. ಕಾಡಿಗೆಗೆ ಇನ್ನು ಮರಿಯಾಗಲ್ಲ. ಇದೂ ಹೋದ್ರೆ ಕಾಡಿಗೆ ಆದ್ಮೇಲೆ ಆ ಗೋಡೆ ಮೇಲೆ ಇನ್ನೊಂದು ಮೊಳೆ ಹೊಡೆಯೋ ಕೆಲಸ ಇರಲ್ಲ. ಅಮ್ಮ, ನೀ ಹೇಳು."

ದೊಡ್ಡಮ್ಮ ಎದ್ದುಹೋಗಿ ಮರಿಯನ್ನು ಎತ್ತಿಕೊಂಡು ಬಂದಳು. ಹಳೆಯ ಗೆಜ್ಜೆ ಮಲಗುತ್ತಿದ್ದ ಕಂಬಳಿಯ ತುಂಡನ್ನು ಬುಟ್ಟಿಗೆ ಹಾಸಿ, ಮರಿಯನ್ನು ಮಲಗಿಸಿ, ಮೇಲೆ ಬಟ್ಟೆ ಮುಚ್ಚಿ ಗಂಟು ಹಾಕಿ, ಉಗ್ರಾಣದಲ್ಲಿಟ್ಟು ಬೀಗ ಹಾಕಿದಳು. ಕೀಲಿಕೈ ಸೊಂಟದ ಸಂಚಿಗೆ ಹೋಯಿತು. ಇಷ್ಟೂ ಕೆಲಸವನ್ನು ಬೇರೆ ಯಾರದೋ ಕೈ ಮಾಡುತ್ತಿರುವ ಹಾಗೆ ಅವಳು ನೋಡುತ್ತಿದ್ದಳು.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ, ಬೀಗದಣ್ಣ ಬಂದ. ಪೇಟೆಯ ಮೂಲೆಯಲ್ಲಿ ಬೀಗ ರಿಪೇರಿಯ ಅಂಗಡಿ ಅವನದು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಯಾವಾಗಲೂ ಸರದಾರ ಮಲಗಿರುತ್ತಿದ್ದ. ಇವತ್ತು ಅವನ ಪಕ್ಕದಲ್ಲಿ ನಾಯಿ ಇರಲಿಲ್ಲ. ಕೈಯಲ್ಲಿ ಬರೀ ಸರಪಳಿ.

"ಸರದಾರ ಎಲ್ಲೋ?" ದೊಡ್ಡಮ್ಮ ಕೇಳಿದಳು.

"ಮೊನ್ನೆ ಹೋದ ದೊಡ್ಡಮ್ಮ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೆ. ಅವ ಏಳಲಿಲ್ಲ." ಅವನು ಸರಪಳಿಯನ್ನು ಮಡಚಿ ಜೇಬಿಗೆ ತುರುಕಲು ನೋಡಿದ, ಅದು ಪೂರ್ತಿ ಹಿಡಿಸಲಿಲ್ಲ. "ಅಭ್ಯಾಸ ನೋಡಿ, ಹೊರಡುವಾಗ ಇದನ್ನೂ ಹಿಡ್ಕೊಂಡು ಬಂದ್ಬಿಟ್ಟಿದೀನಿ."

ಸೊಸೆ ಒಳಗೆ ಹೋಗಿ ಚಹಾ ತಂದಳು. ಮಗ ಗಡಿಬಿಡಿಯಲ್ಲಿ ಮೂರೂ ಗಂಡುಮರಿಗಳನ್ನು ನಡುಮನೆಗೆ ತಂದು ಬಿಟ್ಟ. ಅವುಗಳ ಹಿಂದೆಯೇ ಕಾಡಿಗೆಯೂ ಬಂದಳು.

"ಹೆಣ್ಣು?" ಎಂದ ಬೀಗದಣ್ಣ.

"ಒಂದಾಗಿತ್ತು," ಎಂದ ಮಗ. "ಹುಟ್ಟುವಾಗ್ಲೇ..." ಎಂದು ಕೈಯಾಡಿಸಿದ.

ಬೀಗದಣ್ಣ ಹಳದಿದಾರವನ್ನು ಎತ್ತಿ ಅದರ ಹೊಟ್ಟೆಗೆ ಮೂಗಿಟ್ಟ. ಕಾಡಿಗೆ ಮಾತ್ರ ಒಂದೊಂದೇ ಮರಿಯನ್ನು ಮೂಸಿದಳು, ಮತ್ತೆ ಮೊದಲಿನಿಂದ ಮೂಸಿದಳು. ಆಮೇಲೆ ನೆಟ್ಟಗೆ ಉಗ್ರಾಣದ ಬಾಗಿಲಿಗೆ ಹೋಗಿ, ಸಂದಿಗೆ ಮೂತಿಯಿಟ್ಟು ಕೂತಳು.

"ಇದು ನಾನು ರಿಪೇರಿ ಮಾಡಿಕೊಟ್ಟ ಬೀಗ ಅಲ್ವಾ?" ಬೀಗದಣ್ಣನ ಕಣ್ಣು ಅಲ್ಲಿಗೆ ಹೋಗಿತ್ತು. "ಹೊರಬಾಗಿಲಿಗೆ ಅಂತ ಒಯ್ದಿದ್ರಿ. ಉಗ್ರಾಣಕ್ಕೆ ಯಾಕೆ?"

"ಇಲಿ ಕಾಟ," ಎಂದ ಮಗ.

"ಇಲಿಗೆ ಬೀಗನಾ? ಅವಕ್ಕೂ ಒಂದೊಂದು ಕೀಲಿಕೈ ಮಾಡಿಸ್ಕೊಡಿ ಮತ್ತೆ, ಪಾಪ."

ಸೊಸೆ ನಕ್ಕುಬಿಟ್ಟು, ಗಂಡನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ದೊಡ್ಡಮ್ಮನಿಗೆ ನಗು ಕೇಳಿಸಲೇ ಇಲ್ಲ. ಅವಳ ಕಿವಿ ಬಾಗಿಲಿನ ಆಚೆಗಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ. ಮೊದಮೊದಲು ಅದು ಅಳದಿದ್ದರೆ ಸಾಕು ಅಂದುಕೊಂಡಿದ್ದಳು. ಈಗ ಅದೇ ಮೌನ ಎದೆಯ ಮೇಲೆ ಕೂತಿತು. ಹುಟ್ಟುವಾಗಲೇ ಉಸಿರಿಲ್ಲದ ಮರಿ. ಬುಟ್ಟಿಯ ಮೇಲೆ ಬಟ್ಟೆ. ಗಂಟು ಬಿಗಿಯಾಗಿ ಹಾಕಿದೆನೇ? ಸತ್ತಿದೆ ಎಂದು ಮಗ ಹೇಳಿದ ಮಾತು ಈ ಗಳಿಗೆಯಲ್ಲಿ ಬಾಗಿಲ ಆಚೆ ನಿಜವಾಗುತ್ತಿದ್ದರೆ? ಕಾಡಿಗೆ ಸಂದಿಯನ್ನು ಕೆರೆಯತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಉಗುರು ಕಿತ್ತುಬರುವ ಹಾಗೆ.

ದೊಡ್ಡಮ್ಮ ಎದ್ದಳು.

"ಅಮ್ಮ," ಎಂದ ಮಗ.

ಅವಳು ಕೀಲಿಕೈ ತೆಗೆದು ಬೀಗಕ್ಕೆ ಹಾಕಿದಳು. ತಿರುಗಲಿಲ್ಲ. ಮಂಜಿನ ತೇವಕ್ಕೋ ಏನೋ, ಕೀಲಿಕೈ ಅರ್ಧಕ್ಕೆ ಸಿಕ್ಕಿಕೊಂಡಿತು. ಮಗ ಬಂದು ಜಗ್ಗಿದ, ಇನ್ನಷ್ಟು ಬಿಗಿಯಾಯಿತು. ಒಳಗೆ ಮೌನ. "ಭಗವಂತ, ನಂದು ತಪ್ಪು, ಅದರದಲ್ಲ," ಎಂದು ಅವಳ ತುಟಿ ಅಲುಗಿತು. ಬೆಳಗಿನಿಂದ ಬಾರದ ಪ್ರಾರ್ಥನೆ ಅಷ್ಟರಲ್ಲೇ ಮುಗಿಯಿತು. ಅವಳು ಹಿಂದೆ ತಿರುಗಿದಳು.

"ತೆಗೆದುಕೊಡಪ್ಪ. ಒಳಗೆ ಮರಿ ಇದೆ."

ಬೀಗದಣ್ಣ ಹಳದಿದಾರವನ್ನು ಕೆಳಗಿಟ್ಟು ಬಂದು ಕೂತ. ಬೀಗಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟು, ಕೀಲಿಕೈಯನ್ನು ಕೂದಲೆಳೆಯಷ್ಟು ಹೊರಗೆಳೆದು, ಉಸಿರು ಬಿಗಿಹಿಡಿದು ತಿರುಗಿಸಿದ. ಕಟಕ್ ಎಂದಿತು.

ಬುಟ್ಟಿಯ ಬಟ್ಟೆ ಎಳೆದರೆ, ಮರಿ ಕಂಬಳಿಯಲ್ಲಿ ಮುಖ ಹುದುಗಿಸಿ ಮಲಗಿತ್ತು. ಅಲುಗಲಿಲ್ಲ. ಹೊಟ್ಟೆ ಏಳುತ್ತಿದೆಯೋ ಇಲ್ಲವೋ ಆ ಕತ್ತಲೆಯಲ್ಲಿ ತಿಳಿಯಲಿಲ್ಲ.

"ಗೆಜ್ಜೇ," ಎಂದು ಕರೆದಳು ದೊಡ್ಡಮ್ಮ. "ಗೆಜ್ಜೇ!"

ಮರಿ ಒಂದು ಕಣ್ಣು ತೆರೆಯಿತು. ಬಾಯ್ತುಂಬ ಆಕಳಿಸಿತು. ನಿದ್ದೆ ಕೆಡಿಸಿದ್ದಕ್ಕೆ ಗುರ್ ಎಂದು, ಬಾಲ ಆಡಿಸಿತು. ಕಾಡಿಗೆ ಎಲ್ಲರನ್ನೂ ಸೀಳಿಕೊಂಡು ನುಗ್ಗಿ ಅದರ ಮುಖವನ್ನು ಒದ್ದೆ ಮಾಡಿಬಿಟ್ಟಳು.

ಬೀಗದಣ್ಣ ಕೂತಲ್ಲಿಂದಲೇ ಮರಿಯ ಕಿವಿ ಸವರಿದ.

"ಹೆಸರಿಟ್ಟಾಗಿದೆ."

"ಬಾಯಿತಪ್ಪಿ ಬಂತು ಕಣಪ್ಪ. ಉಸಿರೇ ಇರಲಿಲ್ಲ, ಕರೆದುಬಿಟ್ಟೆ."

"ಹೆಸರಿಟ್ಟ ಮರಿ ಈ ಮನೆ ಹೊಸಿಲು ದಾಟಲ್ಲ ಅಂತ ಪೇಟೆಗೆಲ್ಲ ಗೊತ್ತಲ್ಲ ದೊಡ್ಡಮ್ಮ." ಅವನು ಎದ್ದು ಮೊಣಕಾಲು ಒರೆಸಿಕೊಂಡ. "ಒಂದು ಮಾತು ಹೇಳಿದ್ರೆ ಸಾಕಿತ್ತು. ಬೀಗ ಯಾಕೆ? ನಂಗೆ ಹಳದಿದಾರ ಸಾಕು. ಅದರ ಮೂಗು ಸರದಾರಂದೇ."

ಮಗನ ಮುಖ ಅರಳಿತು. "ನೋಡಮ್ಮ, ಅವರೇ ಒಪ್ಪಿದ್ರು." ಅವನು ಆಗಲೇ ಹಳದಿದಾರವನ್ನು ಎತ್ತಿ ಬೀಗದಣ್ಣನ ಕೈಗೆ ಕೊಟ್ಟುಬಿಟ್ಟಿದ್ದ. ಬೀಗದಣ್ಣ ಅದನ್ನು ಎದೆಗಿಟ್ಟುಕೊಂಡು ಬಾಗಿಲ ಕಡೆ ನಡೆದ. ಜೇಬಿನಿಂದ ಜೋತ ಸರಪಳಿಯ ತುದಿ ನೆಲಕ್ಕೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು.

ದೊಡ್ಡಮ್ಮ ಆ ಸದ್ದನ್ನು ಕೇಳಿದಳು. ಗೋಡೆಯ ಕೊನೆಯ ಮೊಳೆಯನ್ನು ನೋಡಿದಳು. ಗಂಡ ಹೋದ ಮೇಲಿನ ಆ ಮನೆ, ಆ ರಾತ್ರಿಗಳು, ಕತ್ತಲಲ್ಲಿ ನಡೆದು ಬರುತ್ತಿದ್ದ ಆ ಉಗುರುಗಳು ನೆನಪಾದವು. ಬೀಗದಣ್ಣನ ಅಂಗಡಿಯ ಮೆಟ್ಟಿಲು ಎರಡು ದಿನದಿಂದ ಖಾಲಿ.

"ನಿಲ್ಲು," ಎಂದಳು.

ಬಗ್ಗಿ ಮರಿಯನ್ನು ಎತ್ತಿಕೊಂಡಳು. ಕಾಡಿಗೆಯ ಮೂತಿಯ ಹತ್ತಿರ ಹಿಡಿದಳು. ಕಾಡಿಗೆ ಇನ್ನೊಮ್ಮೆ ನೆಕ್ಕಿ, ಉಳಿದೆರಡರ ಕಡೆ ಹೊರಳಿದಳು. ದೊಡ್ಡಮ್ಮ ಮರಿಯ ಕೊರಳಿನ ಬಿಳಿದಾರ ಬಿಚ್ಚಿದಳು. ಹೊಸಿಲ ಮೇಲೆ ನಿಂತ ಬೀಗದಣ್ಣನ ತೋಳಿನಿಂದ ಹಳದಿದಾರವನ್ನು ತೆಗೆದು ಸೊಸೆಗೆ ಕೊಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಲೆಯಾಡಿಸಿದಳು.

"ಹೆಸರಿನ ಜೊತೆಗೇ ಒಯ್ಯಿ," ಎಂದು, ಹೊಸಿಲಿನ ಮೇಲಿಂದ ಗೆಜ್ಜೆಯನ್ನು ಅವನ ಕೈಗಿಟ್ಟಳು.