ಪ್ಲಾಟ್‌ಫಾರಂ ನಾಲ್ಕರ ವಿಜ್ಞಾನ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ವರ್ಷಗಟ್ಟಲೆ ಕೂತವರಿಗೆ ಮನುಷ್ಯಜಾತಿಯ ಮೇಲೆ ಉಳಿಯುವ ಪ್ರೀತಿ ಅಷ್ಟಕ್ಕಷ್ಟೇ. ತಲೆಯ ಮೇಲೆ ಆಳುದ್ದದ ಬೋರ್ಡು ಇದೆ. ಅದರಲ್ಲಿ ಎಲ್ಲ ಬಸ್ಸುಗಳ ಸಮಯ ಮಿನುಗುತ್ತಿರುತ್ತದೆ. ಆದರೂ ಜನ ನೇರವಾಗಿ ಅದೇ ಬೋರ್ಡಿನ ಕೆಳಗೆ ಬಂದು ನಿಂತು, ಗಾಜಿನ ತೂತಿಗೆ ಬಾಯಿಟ್ಟು, "ಮೇಡಂ, ಬಸ್ ಎಷ್ಟೊತ್ತಿಗೆ?" ಎನ್ನುತ್ತಾರೆ. ಯಾವ ಬಸ್ಸು ಎಂದು ಹೇಳುವ ಸೌಜನ್ಯವೂ ಇಲ್ಲ.

ಬುಗುರಿಯ ಅಮ್ಮನಿಗೆ ಈಗೀಗ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಉಳಿದಿರಲಿಲ್ಲ. ಕೇಳಿಸಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರ ಚೀಲ, ಆತುರ, ಬೆವರು ನೋಡಿಯೇ "ಪ್ಲಾಟ್‌ಫಾರಂ ಎರಡು, ಬೇಗ ಹೋಗಿ" ಎಂದು ಎಸೆದುಬಿಡುತ್ತಿದ್ದಳು. ಬಹುಪಾಲು ಅದು ಸರಿಯಾಗಿಯೇ ಇರುತ್ತಿತ್ತು. ಅದರ ಬಗ್ಗೆ ಆಕೆಗೆ ಸ್ವಲ್ಪ ಜಂಬವೂ ಇತ್ತು.

ಬುಗುರಿ ಎಂದರೆ ಆಕೆಯ ಮಗಳು, ಆರನೇ ತರಗತಿ. ನಡೆಯಲು ಕಲಿತಾಗಿನಿಂದ "ಇದ್ಯಾಕೆ, ಅದ್ಯಾಕೆ" ಎಂದು ಮನೆಯೆಲ್ಲ ಗಿರಗಿರ ತಿರುಗುತ್ತಿದ್ದುದಕ್ಕೆ ಅವಳ ಅಪ್ಪ ಇಟ್ಟ ಹೆಸರು ಅದು. ಒಂದೆರಡು ವರ್ಷಗಳಿಂದ ಹುಡುಗಿ ತಣ್ಣಗಾಗಿದ್ದಳು. ಅಂತೂ ಬುದ್ಧಿ ಬಂತು ಎಂದು ಅಮ್ಮ ನಿಟ್ಟುಸಿರು ಬಿಟ್ಟಿದ್ದಳು.

ಆ ನೆಮ್ಮದಿಗೆ ಕಲ್ಲು ಹಾಕಿದವರು ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರ್. ದಿನ ಬಿಟ್ಟು ದಿನ ಅವರು ಪೋಷಕರ ಗ್ರೂಪಿಗೆ ಒಂದು ನಿಮಿಷದ ವಿಡಿಯೋ ಕಳಿಸುತ್ತಿದ್ದರು. ತಮ್ಮ ಮನೆಯ ಮೇಜಿನ ಮೇಲೆ ತಾವೇ ತೆಗೆದದ್ದು. ನೋಡಲು ಚೆನ್ನಾಗಿಯೇ ಇರುತ್ತಿತ್ತು, ಆದರೆ ಉತ್ತರವೇ ಇರುತ್ತಿರಲಿಲ್ಲ! ಇನ್ನೇನು ಗುಟ್ಟು ಹೊರಬೀಳಬೇಕು ಎನ್ನುವಾಗ ವಿಡಿಯೋ ಮುಗಿದು, "ನಿಮಗೆ ಏನನ್ನಿಸ್ತು? ನಾಳೆ ಕ್ಲಾಸಲ್ಲಿ ಹೇಳಿ" ಎಂಬ ಟೀಚರ ದನಿ ಕೇಳುತ್ತಿತ್ತು. ಊಟಕ್ಕೆ ಕೂರಿಸಿ ಎಲೆ ಎಳೆದುಕೊಂಡ ಹಾಗೆ.

ಪೋಷಕರು ರೋಸಿಹೋದರು. ಯಾರಾದರೂ ಉತ್ತರ ಹುಡುಕಿ ಹಾಕಲೇಬೇಕಾಯಿತು. ಆ ಯಾರಾದರೂ ಎಂದರೆ ಬುಗುರಿಯ ಅಮ್ಮನೇ. ವಿಡಿಯೋ ಬಂದ ಐದು ನಿಮಿಷದೊಳಗೆ ಆಕೆಯ ಉತ್ತರ ಗ್ರೂಪಿನಲ್ಲಿ ಬಿದ್ದಿರುತ್ತಿತ್ತು. ಹಿಂದೆಯೇ ಕೈಮುಗಿಯುವ ಚಿತ್ರಗಳ ಸಾಲು. ಸಂಜೆ ಎಲ್ಲ ಮನೆಗಳಲ್ಲೂ ಮಕ್ಕಳು ಅದನ್ನೇ ಗಿಣಿಪಾಠ ಮಾಡುತ್ತಿದ್ದರು. ವಿಡಿಯೋ ನೋಡುವ ತೊಂದರೆಯನ್ನು ಎಷ್ಟೋ ಮಕ್ಕಳು ತೆಗೆದುಕೊಳ್ಳುತ್ತಲೂ ಇರಲಿಲ್ಲ.

ಚಮಚದ ವಿಡಿಯೋ ಬಂದ ದಿನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಡಿಯೋದಲ್ಲಿ ಟೀಚರು ಹೊಳೆಯುವ ಚಮಚವನ್ನು ಮುಖದ ಮುಂದೆ ಹಿಡಿದಿದ್ದರು. ಒಳಗಡೆ ನೋಡಿದರೆ ಮುಖ ತಲೆಕೆಳಗು, ತಿರುಗಿಸಿ ಬೆನ್ನು ನೋಡಿದರೆ ನೆಟ್ಟಗೆ. ಅಲ್ಲಿಗೆ ಮುಗಿಯಿತು. ಬುಗುರಿಯ ಅಮ್ಮ ಉತ್ತರ ಹುಡುಕಿ, ಟೈಪ್ ಮಾಡಲು ಪುರುಸೊತ್ತಿಲ್ಲದೆ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು. ಅದು ತಾನೇ ಬರೆದುಕೊಂಡಿತು. ಕಿಟಕಿಯಲ್ಲಿ ಯಾರೋ ಏನೋ ಕೇಳಿದರು, ಅವರಿಗೂ ಹೇಳಿದಳು. ಓದಿ ನೋಡದೆ ಕಳಿಸಿಬಿಟ್ಟಳು.

ಶನಿವಾರ ಪೋಷಕರ ಸಭೆ. ಮಕ್ಕಳ ಬೆಂಚುಗಳಲ್ಲಿ ಮಂಡಿ ಸಿಕ್ಕಿಸಿಕೊಂಡು ದೊಡ್ಡವರೆಲ್ಲ ಕೂತಿದ್ದರು. ಹೆಡ್ ಮೇಡಂ ನಡುವೆ, ಪಕ್ಕದಲ್ಲಿ ವಿಜ್ಞಾನದ ಟೀಚರ್. ಚಿಕ್ಕ ವಯಸ್ಸಿನ ಆ ತೆಳ್ಳಗಿನ ಟೀಚರ ಮುಖದಲ್ಲಿ ನಿದ್ದೆಗೆಟ್ಟ ಸಿಟ್ಟಿತ್ತು.

"ನಾನು ಕೇಳಿದ್ದು ಮಕ್ಕಳಿಗೆ ಏನನ್ನಿಸ್ತು ಅಂತ," ಎಂದರು ಟೀಚರ್. "ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, 'ಚಮಚದ ಒಳಭಾಗವು ನಿಮ್ನ ದರ್ಪಣದಂತೆ ವರ್ತಿಸುತ್ತದೆ ಪ್ಲಾಟ್‌ಫಾರಂ ನಾಲ್ಕು' ಅಂದ್ರು. ಅರ್ಧ ಕ್ಲಾಸು! ಪ್ಲಾಟ್‌ಫಾರಂ ನಾಲ್ಕು ಅಂದ್ರೆ ಏನ್ರೋ ಅಂದ್ರೆ, 'ಉತ್ತರದಲ್ಲಿದೆ ಮಿಸ್' ಅಂತಾರೆ."

ಕೋಣೆಯಲ್ಲಿ ನಗೆ ಸಿಡಿಯಿತು. ಬುಗುರಿಯ ಅಮ್ಮನ ಕಿವಿ ಬಿಸಿಯಾಯಿತು. ಆದರೆ ಜನರ ಎದುರು ಕೂತು ಪಳಗಿದ ಹೆಂಗಸು ಅಷ್ಟು ಸುಲಭಕ್ಕೆ ಸೋಲುವುದುಂಟೇ?

"ಅದು ನನ್ನ ಕೈತಪ್ಪು, ಒಪ್ಕೋತೀನಿ," ಎಂದು ಎದ್ದು ನಿಂತಳು. "ಆದ್ರೆ ಮೇಡಂ, ಉತ್ತರ ನೀವೇ ಹಾಕಿದ್ರೆ ನಾನ್ಯಾಕೆ ಡ್ಯೂಟಿ ಮೇಲೆ ಕೂತು ಈ ಪಾಡು ಪಡ್ಬೇಕಿತ್ತು? ನಾವೆಲ್ಲ ದುಡಿಯೋರು. ಮನೆಗೆ ಹೋದ್ಮೇಲೆ ಮಕ್ಕಳು ಹೇಳು ಹೇಳು ಅಂತ ಜೀವ ತಿಂದ್ರೆ ಏನ್ ಹೇಳೋದು? ಗೊತ್ತಿಲ್ಲ ಅನ್ನೋಕಾಗುತ್ತಾ?"

"ಅನ್ನಬಹುದಲ್ಲ?"

"ಚೆನ್ನಾಗಿ ಹೇಳಿದ್ರಿ! ಹೆತ್ತವರೇ ಗೊತ್ತಿಲ್ಲ ಅಂದ್ರೆ ನಾಳೆ ಮಕ್ಕಳು ನಮ್ಮ ಮಾತು ಕೇಳ್ತಾರಾ?"

ಹಿಂದಿನ ಬೆಂಚಿನಿಂದ "ಸರಿಯಾಗಿ ಹೇಳಿದ್ರು" ಎಂದು ಯಾರೋ ದನಿಗೂಡಿಸಿದರು.

ಟೀಚರು ಮೇಜಿನ ಮೇಲಿದ್ದ ಪಾಠಪುಸ್ತಕ ಎತ್ತಿ ತೋರಿಸಿದರು. "ಉತ್ತರ ಪುಸ್ತಕದಲ್ಲೇ ಇದೆ, ಅದನ್ನ ನಾನು ಹೇಗೂ ಪಾಠ ಮಾಡ್ತೀನಿ. ವಿಡಿಯೋ ಕಳಿಸೋದು ಅದಕ್ಕಲ್ಲ. ಅದನ್ನ ನೋಡಿ ಮಕ್ಕಳು ಮನೇಲಿ ಒಂದ್ಸಲ ಚಮಚ ಕೈಗೆ ತಗೊಳ್ಲಿ ಅಂತ ಆಸೆ. ತಗೊಂಡೋರು ಕೈ ಎತ್ತಿ ಅಂದೆ. ಒಂದು ಕೈಯೂ ಮೇಲೆ ಬರ್ಲಿಲ್ಲ."

ಹೆಡ್ ಮೇಡಂಗೆ ತಕರಾರು ಬೇಕಿರಲಿಲ್ಲ. ಮುಂದಿನ ತಿಂಗಳಿಂದ ಪ್ರತಿ ವಿಡಿಯೋ ಜೊತೆಗೇ ಉತ್ತರ, ತಿಂಗಳಿಗೊಮ್ಮೆ ಅದರ ಮೇಲೆ ಹತ್ತು ಅಂಕದ ಟೆಸ್ಟ್ ಎಂದು ತೀರ್ಮಾನ ಹೇಳಿದರು. ಪೋಷಕರು ಚಪ್ಪಾಳೆ ತಟ್ಟಿದರು. ಟೀಚರು ಕುರ್ಚಿಗೆ ಕುಸಿದರು.

ಗೆದ್ದ ಬುಗುರಿಯ ಅಮ್ಮ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಟೀಚರು ಹತ್ತಿರ ಬಂದರು. "ಪ್ಲಾಟ್‌ಫಾರಂ ನಾಲ್ಕು ಅಂತ ಹೇಳುವಾಗ ಕೆಲವು ಮಕ್ಕಳಿಗೆ ನಗು ಬಂತು. ನಿಮ್ಮ ಮಗಳಿಗೆ ಬರ್ಲಿಲ್ಲ," ಎಂದು ಇಷ್ಟೇ ಹೇಳಿ ಹೋದರು.

ಈ ಮಾತು ಮುಳ್ಳಿನ ಹಾಗೆ ಚುಚ್ಚಿತು. ಮನೆಗೆ ಹೋಗುವ ಬಸ್ಸಿನಲ್ಲಿ ಆಕೆ ಟೀಚರನ್ನು ಮನಸ್ಸಿನಲ್ಲೇ ಬೇಕಾದಷ್ಟು ಬೈದಳು. ಅಷ್ಟರಲ್ಲಿ ಇನ್ನೊಂದು ವಿಡಿಯೋ ಬಂತು. ಗೋಡೆಯ ಮೇಲೆ ಇರುವೆಗಳ ಸಾಲು. ಒಂದು ಬೆರಳು ಬಂದು ಸಾಲಿನ ನಡುವೆ ಅಡ್ಡಕ್ಕೆ ಉಜ್ಜಿತು. ಇರುವೆಗಳು ಅಲ್ಲೇ ಗಕ್ಕನೆ ನಿಂತವು. ಮುಗಿಯಿತು. ಬೈಯುತ್ತಲೇ ಆಕೆ ಉತ್ತರ ಹುಡುಕಿ ಓದಿದಳು. ಅಭ್ಯಾಸಬಲ.

ಮನೆಯಲ್ಲಿ ಬುಗುರಿ ಪೆನ್ನು ತೆರೆದು ಕಾಯುತ್ತಿದ್ದಳು. ಅಮ್ಮನ ಮೊಬೈಲು ಇಸಿದುಕೊಂಡು ವಿಡಿಯೋದ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಅಮ್ಮ, ಬೇಗ ಹೇಳು. ಇರುವೆ ನೋಡಿ ನನಗೆ ಏನನ್ನಿಸ್ತು?"

ಅಮ್ಮನಿಗೆ ರೇಗಿತು. "ನಿನಗೇನನ್ನಿಸ್ತು ಅಂತ ನನ್ನ ಕೇಳ್ತೀಯಲ್ಲ, ನಾನು ನಿನ್ನ ತಲೆಯೊಳಗೆ ಕೂತಿದ್ದೀನಾ?"

"ಯಾವಾಗ್ಲೂ ನೀನೇ ತಾನೆ ಹೇಳೋದು."

"ಹೋಗ್ಲಿ, ಪ್ಲಾಟ್‌ಫಾರಂ ನಾಲ್ಕು ಅಂದ್ರೆ ಏನು ಅಂದ್ಕೊಂಡೆ?"

"ವಿಜ್ಞಾನದಲ್ಲಿ ಏನೋ ಇರುತ್ತೆ ಅಂದ್ಕೊಂಡೆ."

"ಒಂದು ಮಾತು ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

ಹುಡುಗಿ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. "ಕೇಳಿದ್ರೆ ನೀನು ಕಿಟಕಿ ದನಿ ತೆಗೀತೀಯ."

ಕಿಟಕಿ ದನಿ! ಮನೆಯಲ್ಲಿ ತನ್ನ ದನಿಗೆ ಹಾಗೊಂದು ಹೆಸರಿದೆ ಎನ್ನುವುದೇ ಆಕೆಗೆ ಗೊತ್ತಿರಲಿಲ್ಲ. ಬುದ್ಧಿ ಬಂದು ಸುಮ್ಮನಾದ ಮಗಳಲ್ಲ ಇವಳು, ಬಾಯಿ ಮುಚ್ಚಿಸಿಕೊಂಡ ಮಗಳು. ಮುಚ್ಚಿಸಿದವಳು ಯಾರು ಎಂದು ಬೇರೆ ಯಾರನ್ನೂ ವಿಚಾರಿಸಬೇಕಿರಲಿಲ್ಲ. ಆಕೆಗೆ ನಾಚಿಕೆಯಾಯಿತು, ಭಯವೂ ಆಯಿತು.

"ಎದ್ದು ಬಾ," ಎಂದು ಮಗಳನ್ನು ಅಡುಗೆಮನೆಗೆ ಕರೆದೊಯ್ದಳು. ಕಿಟಕಿಯ ಪಕ್ಕದ ಗೋಡೆಯಲ್ಲಿ ಇರುವೆಗಳು ಎಂದಿನಂತೆ ಮೆರವಣಿಗೆ ಹೊರಟಿದ್ದವು. "ನೀನೇ ಬೆರಳಲ್ಲಿ ಉಜ್ಜಿ ನೋಡು."

"ಉತ್ತರ ಹೇಳಮ್ಮ, ಗಣಿತ ಬೇರೆ ಇದೆ."

"ಗೊತ್ತಿಲ್ಲ."

ಬುಗುರಿ ತಿರುಗಿ ಅಮ್ಮನ ಮುಖವನ್ನೇ ನೋಡಿದಳು. "ನಿನಗೆ? ಗೊತ್ತಿಲ್ವಾ?"

"ಇಲ್ಲ ಅಂದ್ನಲ್ಲ!" ಎಂದಳು ಅಮ್ಮ. ಹಸಿ ಸುಳ್ಳು. ಉತ್ತರ ನಾಲಿಗೆಯ ತುದಿಯಲ್ಲೇ ಕೂತು ಒದ್ದಾಡುತ್ತಿತ್ತು.

ಹುಡುಗಿ ಸ್ಟೂಲ್ ಎಳೆದು ಕೂತು, ನಂಬಿಕೆಯಿಲ್ಲದೆ ಬೆರಳು ಉಜ್ಜಿದಳು. ಇರುವೆಗಳು ನಿಂತವು. ಹಿಂದಿನವು ಮುಂದಿನವಕ್ಕೆ ಡಿಕ್ಕಿ ಹೊಡೆದವು. ಕೆಲವು ವಾಪಸ್ಸು ಹೊರಟವು. ಪ್ರೆಸ್ಸಿನ ಕೆಲಸ ಮುಗಿಸಿ ಆಗ ತಾನೇ ಬಂದ ಅಪ್ಪ ಇಣುಕಿ ನೋಡಿ, "ಓ, ಇದಾ? ಅದು ವಾಸನೆ—" ಎನ್ನುವಷ್ಟರಲ್ಲಿ ಹೆಂಡತಿಯ ಮೊಣಕೈ ಪಕ್ಕೆಗೆ ತಿವಿಯಿತು. ಪಾಪ, ಏನು ತಪ್ಪು ಮಾಡಿದೆನೆಂದು ತಿಳಿಯದೆ ಆತ ಪಕ್ಕೆ ಉಜ್ಜಿಕೊಳ್ಳುತ್ತ ಕೈಕಾಲು ತೊಳೆಯಲು ಹೋದ.

ಮೊಬೈಲು ಗುಂಯ್‌ಗುಟ್ಟುತ್ತಲೇ ಇತ್ತು. 'ಏನ್ರೀ, ಇವತ್ತು ಉತ್ತರ ಇಲ್ವಾ?' 'ಮಗ ಕಾಯ್ತಿದ್ದಾನೆ, ಬೇಗ ಹಾಕಿ.' ಆಕೆ ಒಲೆಯ ಪಕ್ಕ ನಿಂತು, ಈ ಸಲ ತಪ್ಪಿಲ್ಲದಂತೆ, ಒಂದೊಂದೇ ಅಕ್ಷರ ಒತ್ತಿ ಬರೆದಳು. 'ಇನ್ಮೇಲೆ ನಾನು ಉತ್ತರ ಹಾಕಲ್ಲ. ಟೀಚರ್ ಕೂಡ ಹಾಕೋದು ಬೇಡ, ಟೆಸ್ಟೂ ಬೇಡ. ಸಭೆಯಲ್ಲಿ ಹಟ ಮಾಡಿದ್ದು ನಾನೇ, ಸೋಮವಾರ ಹೆಡ್ ಮೇಡಂ ಹತ್ರ ನಾನೇ ಬಂದು ಹೇಳ್ತೀನಿ. ಮನೇಲಿ ಇರುವೆ ಇದ್ರೆ ಮಕ್ಕಳಿಗೆ ತೋರಿಸಿ.'

ಗ್ರೂಪಿನಲ್ಲಿ ಒಬ್ಬರು ಬರೆದರು: 'ನಮ್ಮನೇಲಿ ಇರುವೆ ಇಲ್ಲ. ಹೋದ ವಾರವಷ್ಟೇ ಔಷಧಿ ಹೊಡೆಸಿದ್ವಿ. ಈಗೇನ್ ಮಾಡೋದು?' ಆಕೆ ಹಣೆ ಚಚ್ಚಿಕೊಂಡು ಮೊಬೈಲನ್ನು ಡಬ್ಬಿಗಳ ಹಿಂದಕ್ಕೆ ತಳ್ಳಿದಳು.

ಬುಗುರಿ ಮೂಗು ಗೋಡೆಗೆ ತಾಗುವಷ್ಟು ಬಾಗಿದ್ದಳು. ಒಂದು ಇರುವೆ ಉಜ್ಜಿದ ಜಾಗದ ಅಂಚಿಗೆ ಬಂದು, ಹಿಂದೆ ಸರಿದು, ಮತ್ತೆ ಬಂದಿತು.

"ನೋಡು, ಈಗ ಅದು ಏನ್ಮಾಡುತ್ತೆ ಅಂದ್ರೆ—"

"ಅಮ್ಮ! ಹೇಳ್ಬೇಡ. ಸುಮ್ನಿರು ಸ್ವಲ್ಪ."

ತಲೆಯನ್ನೂ ಎತ್ತದೆ ಹೇಳಿದ್ದಳು. ಕುಕ್ಕರ್ ಕೂಗಿತು, ಅಮ್ಮ ಒಲೆ ಆರಿಸಿ ಬಾಯಿ ಬಿಗಿಹಿಡಿದು ನಿಂತಳು. ಆ ಒಂದು ಇರುವೆ ಅಂಚನ್ನು ದಾಟಿತು. ಡೊಂಕುಡೊಂಕಾಗಿ ಅಲೆದು ಕೊನೆಗೂ ಆಚೆಯ ಸಾಲನ್ನು ಸೇರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೊರಟಿತು.

"ಅಮ್ಮ, ಉಳಿದವೆಲ್ಲ ಹೆದರಿ ವಾಪಸ್ ಹೋದ್ವಲ್ಲ. ಮೊದಲು ದಾಟಿದ್ದು ಮಾತ್ರ ಯಾಕೆ ಹೋಗ್ಲಿಲ್ಲ?"

ಇರುವೆಗಳು ವಾಸನೆಯ ಜಾಡು ಹಿಡಿದು ನಡೆಯುವ ವಿಷಯ ಆಕೆ ಓದಿದ್ದಳು. ಇದನ್ನು ಓದಿರಲಿಲ್ಲ. ಎಷ್ಟು ತಡಕಿದರೂ ತಲೆಯಲ್ಲಿ ಏನೂ ಸಿಗಲಿಲ್ಲ.

"ಗೊತ್ತಿಲ್ಲ ಮರಿ," ಎಂದಳು. ಈಗ ಅದು ನಿಜವಾಗಿತ್ತು.

"ಹಾಗಾದ್ರೆ ನೀನೂ ಬಾ, ನೋಡೋಣ," ಎಂದು ಬುಗುರಿ ಸ್ಟೂಲಿನಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು ಅಮ್ಮನಿಗೆ ಜಾಗ ಮಾಡಿಕೊಟ್ಟಳು.